ಒಂದು ಗೇಣು ಮಲ್ಲಿಗೆ ಯಾರ ಲೆಕ್ಕಕ್ಕೆ?

ಉಡುಪಿಯ ಒಂದು ಜವಳಿ ಅಂಗಡಿಯ ಸಂಬಳದ ಪಟ್ಟಿ ಪ್ರತಿ ತಿಂಗಳು ನನ್ನ ಮೇಜಿಗೆ ಬರುತ್ತದೆ. ಪಿ.ಎಫ್., ಇ.ಎಸ್.ಐ. ಕಟ್ಟುವುದು, ರಿಟರ್ನ್ ಹಾಕುವುದು ನನ್ನ ಕೆಲಸ. ಅಂಗಡಿಯ ಹೆಸರು ಇಲ್ಲಿ ಬೇಡ. ಸರ್ವಿಸ್ ಬಸ್‌ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಇಂಥ ಅಂಗಡಿಗಳು ಬೇಕಾದಷ್ಟಿವೆ, ಅದರಲ್ಲಿ ಒಂದು ಅಂದುಕೊಳ್ಳಿ.

ಹೋದ ವರ್ಷ ಜೂನ್ ಮೊದಲ ವಾರ. ಮೇ ತಿಂಗಳ ಪಟ್ಟಿ ನೋಡುತ್ತಿದ್ದೆ. ಕಡಿತದ ಕಡೆ ಒಂದು ಹೊಸ ಕಾಲಂ ಸೇರಿತ್ತು. ಮೇಲೆ ‘ಗ್ರೂಮಿಂಗ್’ ಎಂದು ಬರೆದಿತ್ತು. 17 ಹೆಂಗಸರ ಹೆಸರಿನ ಎದುರು 50, 150, 250 ಹೀಗೆ. ಒಬ್ಬಳ ಎದುರು ಮಾತ್ರ 650. ಒಂಬತ್ತು ಗಂಡಸರ ಎದುರು ಬರೀ ಗೆರೆ.

ಅಂಗಡಿಯ ಅಕೌಂಟೆಂಟಿಗೆ ಫೋನ್ ಮಾಡಿದೆ. “ಇದೆಂತದು ಮಾರಾಯ್ರೆ?”

“ಹೂ ಮುಡಿಯದಿದ್ದರೆ, ಲಿಪ್‌ಸ್ಟಿಕ್ ಹಾಕದಿದ್ದರೆ ಫೈನ್ ಮೇಡಂ. ಒಂದಕ್ಕೆ 50. ಧಣಿಗಳು ಹೇಳಿದ್ದು.”

ಆ 650ರವಳು ಯಾರೋ ಉದಾಸೀನದ ಹುಡುಗಿ ಇರಬೇಕು ಎಂದುಕೊಂಡೆ. ಅದೊಂದು ತಪ್ಪು ಲೆಕ್ಕ. ಅದಕ್ಕೆ ಆಮೇಲೆ ಬರುತ್ತೇನೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡಬೇಕು. ಆ ಅಂಗಡಿಯ ಆಂತರಿಕ ಸಮಿತಿಗೆ ನಾನು ಹೊರಗಿನ ಸದಸ್ಯೆಯೂ ಹೌದು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಅಂಥ ಸಮಿತಿ ಇರಬೇಕೆಂದು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಹೇಳುತ್ತದೆ. ಅಂಗಡಿಯಿಂದ ಫೀಸು ತೆಗೆದುಕೊಳ್ಳುವವಳು ಹೊರಗಿನವಳು ಹೇಗಾದಳು ಎಂದು ನೀವು ಕೇಳಬಹುದು. ಕೇಳಬೇಕಾದ ಮಾತೇ. ಬೋರ್ಡಿಗೆ ಒಂದು ಹೆಸರು ಬೇಕಿತ್ತು, ನಾನು ಹೂಂ ಅಂದಿದ್ದೆ. ಅಲ್ಲಿವರೆಗೆ ಆ ಸಮಿತಿ ವರ್ಷಕ್ಕೊಂದು ಸಲ ಚಹಾ ಕುಡಿದದ್ದು ಬಿಟ್ಟರೆ ಬೇರೆ ಕೆಲಸ ಮಾಡಿದ್ದಿಲ್ಲ.

ಗೋಡೆಯ ಮೇಲಿನ ಹಾಳೆ

ಮೂರನೇ ಮಹಡಿಯಲ್ಲಿ ಊಟದ ಕೋಣೆ. ಅಲ್ಲಿ ಲ್ಯಾಮಿನೇಟ್ ಮಾಡಿದ ಹಾಳೆ ಅಂಟಿಸಿದ್ದರು. ಗಂಡಸರಿಗೆ ಮೂರು ಸಾಲು: ಶರ್ಟ್ ಇನ್ ಮಾಡಿರಬೇಕು, ಗಡ್ಡ ತೆಗೆದಿರಬೇಕು, ಶೂ ಹಾಕಿರಬೇಕು. ಹೆಂಗಸರಿಗೆ ಹನ್ನೊಂದು. ಸಮವಸ್ತ್ರದ ಸೀರೆ, ನೆರಿಗೆಗೆ ಪಿನ್, ಸೆರಗಿಗೆ ಪಿನ್. ತುರುಬು, ಅದಕ್ಕೆ ನೆಟ್. ಒಂದು ಗೇಣು ಮಲ್ಲಿಗೆ. ಎರಡೂ ಕೈಗೆ ಬಳೆ. ಮರೂನ್ ಅಥವಾ ಕೆಂಪು ಲಿಪ್‌ಸ್ಟಿಕ್. ಹಿಮ್ಮಡಿ ಎತ್ತರದ ಕಪ್ಪು ಚಪ್ಪಲಿ. ಉಗುರು. ಹನ್ನೊಂದನೆಯದು ನಗುಮುಖ. ನಗದಿದ್ದರೂ 50 ರೂಪಾಯಿ.

ಇದೆಲ್ಲ ಎಲ್ಲಿಂದ ಬಂತು? ಪೇಟೆಯಲ್ಲಿ ದೊಡ್ಡದೊಂದು ಶೋರೂಂ ತೆರೆದಿತ್ತು. ಅಲ್ಲಿಯ ಹುಡುಗಿಯರು ವಿಮಾನದವರ ಹಾಗೆ ಕಾಣುತ್ತಾರೆ ಎಂದು ಧಣಿಗಳ ಮನೆಯಲ್ಲಿ ಮಾತಾಯಿತಂತೆ. ಬೆಂಗಳೂರಿನಿಂದ ಒಬ್ಬರನ್ನು ಕರೆಸಿ ಎರಡು ದಿನ ಕ್ಲಾಸ್ ಮಾಡಿಸಿದರು. ಮೇ ಮಧ್ಯದಿಂದ ಹಾಳೆ ಜಾರಿಗೆ ಬಂತು.

ಸಮವಸ್ತ್ರ ಇರುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಗಿರಾಕಿಗೆ ಅಂಗಡಿಯವರು ಯಾರು ಎಂದು ಗೊತ್ತಾಗಬೇಕು. ಸೀರೆ ಮಾರುವವರು ಸೀರೆ ಉಟ್ಟರೆ ವ್ಯಾಪಾರಕ್ಕೂ ಒಳ್ಳೆಯದು. ನಾನು ಹಾಳೆಯ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದೊಂದರ ಎದುರು ಬರೆದದ್ದು ಇಷ್ಟೇ: ದುಡ್ಡು ಯಾರದ್ದು? ಗಂಡಸರ ಶರ್ಟಿನ ಬಟ್ಟೆ ಅಂಗಡಿಯದ್ದು. ಹೆಂಗಸರ ಎರಡು ಸೀರೆ ಸಂಬಳದಲ್ಲಿ ಕಂತಿನಲ್ಲಿ ಕಡಿಯುವುದು. ಚಪ್ಪಲಿ, ಲಿಪ್‌ಸ್ಟಿಕ್, ನೆಟ್, ಬಳೆ, ಹೂ ಎಲ್ಲ ಅವರದ್ದೇ.

ಹೂವಿನ ಲೆಕ್ಕ

ಉಡುಪಿ ಮಲ್ಲಿಗೆ, ಅಂದರೆ ನಾವು ಶಂಕರಪುರ ಮಲ್ಲಿಗೆ ಅನ್ನುವುದು, ಸುಮ್ನೆ ಮೊಳದ ಲೆಕ್ಕದಲ್ಲಿ ಬರುವ ಹೂವಲ್ಲ. ಅದಕ್ಕೆ ಭೌಗೋಳಿಕ ಗುರುತಿನ ಮುದ್ರೆ ಉಂಟು, ದಿನಾ ಬೇರೆ ಬೇರೆ ದರ ಉಂಟು. 800 ಹೂ ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬಾಳೆ ನಾರಿನಲ್ಲಿ ಕಟ್ಟಿ, ಬಾಳೆ ಎಲೆಯಲ್ಲಿ ಸುತ್ತಿ ಬರುತ್ತದೆ. ಮದುವೆ ಜಾಸ್ತಿ ಇರುವ ದಿನಗಳಲ್ಲಿ ದರ ಏರುತ್ತದೆ. ಆಟಿಯಲ್ಲಿ, ಅಂದರೆ ಮಳೆಗಾಲದ ತುಳು ತಿಂಗಳಲ್ಲಿ, ಶುಭಕಾರ್ಯ ಇಲ್ಲದಾಗ ಕೇಳುವವರು ಕಡಿಮೆ. ಜೋರು ಮಳೆ ಬಂದರೆ ಇಳುವರಿ ಇಲ್ಲ. ಅಟ್ಟೆಗೆ 2,100 ರೂಪಾಯಿ ಮುಟ್ಟಿದ ದಿನಗಳನ್ನು ಉಡುಪಿಯವರೆಲ್ಲ ನೋಡಿದ್ದಾರೆ.

ಅಂಗಡಿಯ ಹೆಂಗಸರು ಐದು ಜನ ಸೇರಿ ಒಂದು ಚೆಂಡು ತರುತ್ತಿದ್ದರು. ಅಟ್ಟೆಗೆ 500 ಇದ್ದ ದಿನ ಚೆಂಡಿಗೆ 125, ತಲೆಗೆ 25. ತಿಂಗಳಿಗೆ 26 ದಿನ ಅಂದರೆ 650. ದರ 2,100 ಆದ ದಿನ ಒಬ್ಬಳ ಪಾಲು 105 ರೂಪಾಯಿ. ಮುಡಿಯದಿದ್ದರೆ ದಂಡ 50. ಲೆಕ್ಕ ಗೊತ್ತಿದ್ದವಳು ದಂಡವನ್ನೇ ಕಟ್ಟುತ್ತಾಳೆ, ಅಲ್ವಾ? ಅವರು ಅದನ್ನೇ ಮಾಡಿದರು. ಆಮೇಲೆ ನಿನ್ನೆಯ ಹೂವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮುಡಿದರು. ಫ್ಲೋರ್ ಇನ್‌ಚಾರ್ಜ್ ಅದಕ್ಕೂ ಡೈರಿಯಲ್ಲಿ ‘ಬಾಡಿದ ಹೂ’ ಎಂದು ಬರೆದು 50 ಹಾಕಿದರು. ಅಬ್ಬಲಿಗೆ (ಕನಕಾಂಬರ) ಮುಡಿದವಳಿಗೂ ದಂಡ. ಹಾಳೆಯಲ್ಲಿ ಮಲ್ಲಿಗೆ ಅಂತ ಉಂಟಲ್ಲ.

ಅವರಲ್ಲಿ ಒಬ್ಬಳ ಮನೆ ಶಂಕರಪುರದ ಕಡೆ. ಮನೆಯ ಹಿಂದೆ ಮಲ್ಲಿಗೆ ಗಿಡಗಳಿವೆ. ಬೆಳಕು ಹರಿಯುವ ಮುಂಚೆ ಅಮ್ಮನ ಜೊತೆ ಮೊಗ್ಗು ಕೊಯ್ದು, ಎಣಿಸಿ, ಕಟ್ಟಿ, ಏಜೆಂಟರ ಕೈಗೆ ಕೊಟ್ಟು, ಸ್ನಾನ ಮಾಡಿ ಬಸ್ ಹಿಡಿಯುತ್ತಾಳೆ. ತಲೆಗೆ ಒಂದು ತುಂಡು ಇಟ್ಟುಕೊಂಡರೆ ಚೆಂಡಿನ ಲೆಕ್ಕ ತಪ್ಪುತ್ತದೆ. ಹಾಗಾಗಿ ಅಷ್ಟೂ ಕೊಟ್ಟು, ಉಡುಪಿಗೆ ಬಂದು, ಬಸ್‌ಸ್ಟ್ಯಾಂಡಿನ ಹತ್ತಿರ ದುಡ್ಡು ಕೊಟ್ಟು ಹೂ ತೆಗೆದುಕೊಳ್ಳುತ್ತಾಳೆ. “ನಮ್ಮದೇ ಹೂ ಇರಬಹುದು ಅಕ್ಕ, ಯಾರಿಗೆ ಗೊತ್ತು” ಎಂದು ನಕ್ಕಳು. ಅವಳ ಬೆರಳಿನ ತುದಿ ನಾರು ಎಳೆದು ಎಳೆದು ಗಟ್ಟಿಯಾಗಿತ್ತು. ಉಗುರಿನ ಸಾಲಿನಲ್ಲೂ ಅವಳಿಗೆ ಒಂದು ದಂಡ ಬಿದ್ದಿತ್ತು.

ಒಂಬತ್ತೂವರೆಯ ಸಾಲು

ಶಟರ್ ಎತ್ತುವ ಮುಂಚೆ ಚೆಕಿಂಗ್. ಹೆಂಗಸರು ಸಾಲಾಗಿ ನಿಲ್ಲಬೇಕು. ಇನ್‌ಚಾರ್ಜ್ ಡೈರಿ ಹಿಡಿದುಕೊಂಡು ಒಬ್ಬೊಬ್ಬರ ಎದುರು ನಿಂತು ನೋಡುತ್ತಾರೆ. ಜೂನ್‌ನಲ್ಲಿ ಹಿರಿಯಡ್ಕ, ಶಿರ್ವ, ಬ್ರಹ್ಮಾವರದಿಂದ ಬಸ್ಸಿನಲ್ಲಿ ನಿಂತು ಬರುವವರ ಸೀರೆಯ ಅಂಚು ಮೊಣಕಾಲಿನವರೆಗೆ ಒದ್ದೆ. ಬದಲಿಸಿಕೊಳ್ಳಲು ಕೋಣೆ ಇಲ್ಲ. ಸ್ಟಾಕ್ ರೂಮಿನಲ್ಲಿ ಒಬ್ಬಳು ಬಾಗಿಲು ಹಿಡಿದು ನಿಂತರೆ ಇನ್ನೊಬ್ಬಳು ನೆರಿಗೆ ಸರಿ ಮಾಡಿಕೊಳ್ಳಬೇಕು.

ಒಂದು ದಿನ ನಾನು ಹೇಳದೆ ಕೇಳದೆ ಹೋಗಿ ಮೆಟ್ಟಿಲ ಮೇಲೆ ನಿಂತೆ. ಅವರು ಕೈ ತಾಗಿಸಲಿಲ್ಲ, ಅದನ್ನು ಹೇಳಬೇಕು. ಆದರೆ ಪೆನ್ನಿನ ತುದಿಯನ್ನು ಒಬ್ಬಳ ಸೊಂಟದಿಂದ ಎರಡು ಇಂಚು ದೂರ ಹಿಡಿದು, “ಇಲ್ಲಿ ಪಿನ್ ಎಲ್ಲಿ? ಗಿರಾಕಿ ಸೀರೆ ನೋಡುದಾ, ಇದನ್ನು ನೋಡುದಾ?” ಎಂದರು. ಉಳಿದ ಗಂಡಸರು ನಕ್ಕರು. ಅವಳೂ ನಕ್ಕಳು. ಹನ್ನೊಂದನೆಯ ಸಾಲು ನೆನಪಿತ್ತೋ ಏನೋ.

ಲೈಂಗಿಕ ಅರ್ಥ ಬರುವ ಮಾತೂ 2013ರ ಕಾಯ್ದೆಯಲ್ಲಿ ಕಿರುಕುಳವೇ. ಮೂರು ತಿಂಗಳ ಒಳಗೆ ಬರೆದುಕೊಡಬಹುದು ಎಂದು ಅವಳಿಗೂ ಉಳಿದವರಿಗೂ ಹೇಳಿದೆ. ಯಾರೂ ಬರೆದುಕೊಡಲಿಲ್ಲ. ಬರೆದಿದ್ದರೆ ಈ ಭಾಗವನ್ನು ನಾನು ಇಲ್ಲಿ ಬರೆಯುವಂತೆಯೇ ಇರಲಿಲ್ಲ. ದೂರಿನ ವಿಷಯ ಹೊರಗೆ ಹಾಕಬಾರದೆಂದು ಅದೇ ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ದೂರು ಇಲ್ಲದೆಯೇ ಧಣಿಗಳ ಹತ್ತಿರ ಮಾತಾಡಿದೆ. ಗಂಡಸು ಚೆಕಿಂಗ್ ಮಾಡುವುದು ಅವತ್ತಿಗೆ ನಿಂತಿತು. ಅವರಿಗೆ ಕಾಯ್ದೆಗಿಂತ ಊರಿನ ಬಾಯಿಯ ಹೆದರಿಕೆ ಜಾಸ್ತಿ ಇದ್ದ ಹಾಗೆ ಕಂಡಿತು.

ದಂಡದ ವಿಷಯ ಮಾತ್ರ ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. “ನಮ್ಮ ಅಂಗಡಿ, ನಮ್ಮ ನಿಯಮ” ಎಂದರು. ದಂಡ ಹಾಕಲೇಬಾರದು ಎಂದು ಕಾನೂನು ಹೇಳುವುದಿಲ್ಲ, ಹೇಗೆ ಹಾಕಬೇಕು ಎಂದು ಹೇಳುತ್ತದೆ. ಆಗ ಜಾರಿಯಲ್ಲಿದ್ದ 1936ರ ವೇತನ ಪಾವತಿ ಕಾಯ್ದೆ ತೆಗೆದು ತೋರಿಸಿದೆ. ಯಾವ ತಪ್ಪಿಗೆ ದಂಡ ಎಂಬ ಪಟ್ಟಿಗೆ ಮೊದಲೇ ಸರಕಾರದ ಒಪ್ಪಿಗೆ ಬೇಕು. ದಂಡ ಹಾಕುವ ಮುಂಚೆ ಆ ಮನುಷ್ಯನ ಮಾತು ಕೇಳಬೇಕು. ಒಂದು ಸಂಬಳದ ಅವಧಿಯಲ್ಲಿ ಒಟ್ಟು ದಂಡ ಸಂಬಳದ ಶೇ. 3 ದಾಟಬಾರದು. ಬಂದ ದುಡ್ಡನ್ನು ರಿಜಿಸ್ಟರಿನಲ್ಲಿ ಬರೆದು ಕೆಲಸದವರ ಒಳಿತಿಗೇ ಖರ್ಚು ಮಾಡಬೇಕು. ಈಗ ಅದರ ಜಾಗಕ್ಕೆ ಬಂದಿರುವ 2019ರ ವೇತನ ಸಂಹಿತೆಯಲ್ಲೂ ಶೇ. 3ರ ಮಿತಿ ಹಾಗೇ ಉಳಿದಿದೆ. ಆ 650ರವಳ ಸಂಬಳ 14,500. ಶೇ. 3 ಅಂದರೆ 435.

ಧಣಿಗಳು ಕ್ಯಾಲ್ಕುಲೇಟರ್ ಒತ್ತಿ ನೋಡಿದರು. ದಂಡದ ಕಾಲಂ ತೆಗೆದರು, ಕಡಿದದ್ದನ್ನು ಜುಲೈ ಸಂಬಳದಲ್ಲಿ ವಾಪಸ್ ಕೊಟ್ಟರು. ಚಪ್ಪಲಿ ಅವರವರ ಇಷ್ಟಕ್ಕೆ ಬಿಟ್ಟರು. ಕೌಂಟರಿನ ಹಿಂದೆ ಎರಡು ಸ್ಟೂಲ್ ಬಂತು. ಅದಕ್ಕೆ ಕೇರಳದ ಉದಾಹರಣೆ ಕೊಡಬೇಕಾಯಿತು. ಅಲ್ಲಿ ಜವಳಿ ಅಂಗಡಿಯ ಹೆಂಗಸರು ಕೋಯಿಕ್ಕೋಡಿನ ‘ಪೆಣ್‌ಕೂಟ್’ ಸಂಘಟನೆಯ ಜೊತೆ ಹೋರಾಡಿ 2018ರಲ್ಲಿ ಕುಳಿತುಕೊಳ್ಳುವ ಹಕ್ಕನ್ನೇ ಕಾನೂನಿಗೆ ಸೇರಿಸಿಕೊಂಡರು. ತಮಿಳುನಾಡು 2021ರಲ್ಲಿ ಅದನ್ನೇ ಮಾಡಿತು. “ಕೂತರೆ ಚಂದ ಕಾಣುದಿಲ್ಲ” ಎನ್ನುವ ಮಾತು ಅಲ್ಲಿಯೂ ಇತ್ತು.

ಹೂವಿನ ಸಾಲು ಹೋಗಲಿಲ್ಲ. ಬೇಕೇಬೇಕು ಎಂದರು. ಹಾಗಾದರೆ ಅಂಗಡಿಯೇ ತರಿಸಲಿ ಎಂದೆ. ಸರಿ, ದಿನಕ್ಕೊಂದು ಅಟ್ಟೆ ಬರತೊಡಗಿತು. ಆಟಿ ಮುಗಿದು ಮುಂದಿನ ತಿಂಗಳು ಸೋಣ ಬಂತು, ಚೌತಿ ಹತ್ತಿರವಾಯಿತು, ದರ ಏರಿತು. ಮೂರನೇ ದಿನಕ್ಕೆ ಅಕೌಂಟೆಂಟ್ ಒಂದು ಚೀಟಿ ಅಂಟಿಸಿದರು: ಅಟ್ಟೆ 1,000 ದಾಟಿದ ದಿನ ಹೂ ಕಡ್ಡಾಯ ಇಲ್ಲ. ತನ್ನ ಕಿಸೆಯಿಂದ ಹೋಗುವಾಗ ಹೂ ಇಲ್ಲದ ತುರುಬೂ ಚಂದವೇ ಕಂಡಿತು.

ಖಾಲಿ ಕಾಲಂ

ಈಗ ಆ 650ರವಳು. ಅವಳು ಉದಾಸೀನದ ಹುಡುಗಿ ಅಲ್ಲ. 38 ವರ್ಷದ ಹೆಂಗಸು, 11 ವರ್ಷದಿಂದ ಅಲ್ಲಿಯೇ ಇದ್ದವಳು. ಧಾರೆ ಸೀರೆಯ ಕೌಂಟರಿನಲ್ಲಿ ಅವಳನ್ನು ಮೀರಿಸಿದವರಿಲ್ಲ. ಜವಳಿ ತೆಗೆಯಲು ಎರಡು ಮನೆಯವರು ಸೇರಿ ಹದಿನೈದು ಜನ ಬಂದು ಕೂತರೆ, ಹುಡುಗಿಯ ಮುಖ ನೋಡಿಯೇ ಯಾವ ಬಣ್ಣ ಬಿಚ್ಚಬೇಕು ಎಂದು ಅವಳಿಗೆ ಗೊತ್ತಾಗುತ್ತಿತ್ತಂತೆ. ಹಣ ಕೊಡುವವರು ಯಾರು ಎಂದೂ.

ಜನವರಿಯಲ್ಲಿ ಗಂಡ ತೀರಿಹೋದರು. ಬೊಜ್ಜ (ಉತ್ತರಕ್ರಿಯೆ) ಮುಗಿಸಿ ಕೆಲಸಕ್ಕೆ ಬಂದಳು. ಹಣೆಯಲ್ಲಿ ಬೊಟ್ಟಿಲ್ಲ, ತಲೆಯಲ್ಲಿ ಹೂವಿಲ್ಲ. ಅತ್ತೆ ಮನೆಯಲ್ಲಿ ಯಾರೂ ಬೇಡ ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಫೆಬ್ರವರಿಯಲ್ಲಿ ಅವಳನ್ನು ಹಿಂದಿನ ಪ್ಯಾಕಿಂಗ್ ಜಾಗಕ್ಕೆ ಹಾಕಿದರು. ಮೇ ತಿಂಗಳಲ್ಲಿ ಹಾಳೆ ಬಂತು. ಸಾಲಿನಲ್ಲಿ ಅವಳೂ ನಿಲ್ಲಬೇಕು. ಇನ್‌ಚಾರ್ಜ್ ದಿನವೂ ‘ಹೂ ಇಲ್ಲ’ ಎಂದು ಬರೆದರು. ಆ ಹದಿನೈದು ದಿನಗಳಲ್ಲಿ 13 ದಿನ ಕೆಲಸಕ್ಕೆ ಬಂದಿದ್ದಳು. 13 ಸಲ 50.

“ಹೇಳಬಹುದಿತ್ತಲ್ಲ?” ಎಂದು ಕೇಳಿದೆ.

“ಎಂತ ಹೇಳುದು ಅಕ್ಕ? ಮುಡಿದರೆ ಊರಿನವರು ಮಾತಾಡ್ತಾರೆ. ಮುಡಿಯದಿದ್ದರೆ ಇವರು ಕಡೀತಾರೆ.”

ಹೂವಿಲ್ಲ ಎಂದು ಒಳಗೆ ಹಾಕಿದ್ದೂ ಅದೇ ಅಂಗಡಿ, ಹೂವಿಲ್ಲ ಎಂದು ದಂಡ ಹಾಕಿದ್ದೂ ಅದೇ ಅಂಗಡಿ. ಇದು ಯಾರ ತಲೆಗೂ ಹೊಳೆದಿರಲಿಲ್ಲ. ನನ್ನ ತಲೆಗೂ. ನಾನು ಐದು ತಿಂಗಳಿಂದ ಅವಳ ಹೆಸರಿನ ಸಾಲನ್ನು ನೋಡುತ್ತಲೇ ಇದ್ದೆ. ಇನ್ಸೆಂಟಿವ್ ಕಾಲಂ ಫೆಬ್ರವರಿಯಿಂದ ಖಾಲಿ ಇತ್ತು. ಧಾರೆ ಸೀರೆ ಒಂದಕ್ಕೆ 60 ರೂಪಾಯಿಯಂತೆ, ಸೀಸನ್‌ನಲ್ಲಿ ತಿಂಗಳಿಗೆ 4,000 ದಾಟುತ್ತಿದ್ದ ಕಾಲಂ ಅದು. ಹೊಸ ಕಾಲಂ ಬಂದದ್ದು ಕಣ್ಣಿಗೆ ಬಿತ್ತು. ಇದ್ದ ಕಾಲಂ ಖಾಲಿಯಾದದ್ದು ಬೀಳಲಿಲ್ಲ.

ಧಣಿಗಳ ಮಾತನ್ನೂ ಹೇಳಬೇಕು. ಫೆಬ್ರವರಿಯ ಒಂದು ಆದಿತ್ಯವಾರ ಹುಡುಗನ ಕಡೆಯ ಹಿರಿಯರೊಬ್ಬರು, “ಇವರ ಕೈಯಿಂದ ಧಾರೆ ಸೀರೆ ಬಿಚ್ಚಿಸುದಾ?” ಎಂದು ಎದ್ದು ಹೋದರಂತೆ. ಮನೆಯವರೆಲ್ಲ ಹಿಂದೆಯೇ ಹೋದರು. ದೊಡ್ಡ ಬಿಲ್ಲು. “ನಾನು ಇದನ್ನೆಲ್ಲ ನಂಬುವವನಲ್ಲ. ಆದರೆ ಗಿರಾಕಿ ನಂಬ್ತಾರಲ್ಲ” ಎಂದರು. ಅದು ಸುಳ್ಳಲ್ಲ. ಅಂಗಡಿ ನಡೆಸುವವನಿಗೆ ಆ ಆದಿತ್ಯವಾರ ಮರೆಯುವುದಿಲ್ಲ. ಆದರೆ ಎದ್ದು ಹೋದದ್ದು ಒಂದು ಮನೆಯವರು. ಹನ್ನೊಂದು ವರ್ಷ ಅವಳ ಕೈಯಿಂದಲೇ ತೆಗೆದುಕೊಂಡು ಹೋದವರ ಲೆಕ್ಕ ಯಾರೂ ಹಾಕಲಿಲ್ಲ.

ಇಲ್ಲಿ ನನ್ನ ಕೈಯಲ್ಲಿ ಕಾನೂನು ಇರಲಿಲ್ಲ. ಆಂತರಿಕ ಸಮಿತಿಗೆ ಬರುವ ವಿಷಯ ಇದಲ್ಲ. ಸಂಬಳ ಕಡಿದಿಲ್ಲ, ಕೌಂಟರ್ ಬದಲಿಸಿದ್ದಾರೆ ಅಷ್ಟೇ. ಗಂಡಸಿಗೊಂದು ಹೆಂಗಸಿಗೊಂದು ಸಂಬಳ ಕೊಡಬಾರದು ಎಂದು ಕಾನೂನಿದೆ. ಮುತ್ತೈದೆಗೊಂದು ವಿಧವೆಗೊಂದು ಕೌಂಟರ್ ಕೊಡಬಾರದು ಎಂದು ಅದರಲ್ಲಿ ಬರೆದಿಲ್ಲ. ಮೊದಲ ಸಲ ಬಸುರಿಯಾದರೆ ಕೆಲಸ ಹೋಗುತ್ತದೆ ಎಂಬ ಗಗನಸಖಿಯರ ಷರತ್ತನ್ನು 1981ರಲ್ಲಿ ನರ್ಗೇಶ್ ಮಿರ್ಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು, ನಿಜ. ಆದರೆ ಏರ್ ಇಂಡಿಯಾ ಆಗ ಸರಕಾರದ್ದು. ಸಂವಿಧಾನದ ಸಮಾನತೆಯ ಮಾತನ್ನು ಎದುರಿಗೆ ಹಿಡಿಯಬಹುದಿತ್ತು. ಜವಳಿ ಅಂಗಡಿಯ ಎದುರು ಹಾಗೆ ಹಿಡಿಯಲು ಆಗುವುದಿಲ್ಲ. ಉಡುಪಿಯಲ್ಲಿ ಹೆಣ್ಣುಮಕ್ಕಳ ಬಟ್ಟೆಯ ಮಾತೆತ್ತಿದರೆ ಎಲ್ಲರಿಗೂ 2022ರ ಹಿಜಾಬ್ ವಿವಾದ ನೆನಪಾಗುತ್ತದೆ. ಅದು ಕಾಲೇಜಿನ ವಿಷಯ, ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಂಗಡಿಯ ವಿಷಯ ಎಲ್ಲಿಗೂ ಹೋಗುವುದಿಲ್ಲ, ಸಂಬಳದ ಚೀಟಿಯಲ್ಲೇ ಮಡಚಿಕೊಳ್ಳುತ್ತದೆ.

ಕಾನೂನು ಇಲ್ಲದ್ದಕ್ಕೆ ಮಂಗಳೂರಿನ ಕುದ್ರೋಳಿ ದೇವಸ್ಥಾನವನ್ನು ಎಳೆದು ತಂದೆ. ಧಣಿಗಳು ಪ್ರತಿ ವರ್ಷ ಅಲ್ಲಿ ನಡೆಯುವ ಮಂಗಳೂರು ದಸರಾಕ್ಕೆ ಹೋಗುವವರು. 2013ರಲ್ಲಿ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರಾಗಿ ಮಾಡಿದರು. ಕೇಂದ್ರದ ಮಾಜಿ ಮಂತ್ರಿ ಜನಾರ್ದನ ಪೂಜಾರಿಯವರು ಮುಂದೆ ನಿಂತು ಮಾಡಿಸಿದ್ದು. “ದೇವರಿಗೆ ಆರತಿ ಎತ್ತಬಹುದು, ಸೀರೆ ಬಿಚ್ಚಬಾರದಾ?” ಎಂದು ಕೇಳಿದೆ.

“ದೇವಸ್ಥಾನದ್ದು ಬೇರೆ ಮೇಡಂ. ವ್ಯಾಪಾರದ್ದು ಬೇರೆ.”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂಕಿ ಇತ್ತು. ಅವಳು ಇದ್ದಾಗಿನ ಸೀಸನ್ನಿನಲ್ಲಿ ಆ ಕೌಂಟರಿನಿಂದ ಎಷ್ಟು ಸೀರೆ ಹೋಗಿತ್ತು, ಅವಳಿಲ್ಲದ ಸೀಸನ್ನಿನಲ್ಲಿ ಎಷ್ಟು ಹೋಯಿತು ಎಂದು ಇನ್ಸೆಂಟಿವ್ ಕಾಲಂನಿಂದಲೇ ಎಣಿಸಿ ಒಂದು ಹಾಳೆಯಲ್ಲಿ ಬರೆದು ಕೊಟ್ಟೆ. ಅವರು ಅದನ್ನು ಮಡಚಿ ಕಿಸೆಗೆ ಹಾಕಿಕೊಂಡರು.

ಸೆಪ್ಟೆಂಬರಿನಿಂದ ಅವಳು ಧಾರೆ ಸೀರೆಯ ಕೌಂಟರಿಗೆ ವಾಪಸ್ ಬಂದಳು. ಸೋಮವಾರದಿಂದ ಶುಕ್ರವಾರದವರೆಗೆ. ಶನಿವಾರ, ಆದಿತ್ಯವಾರ ಪ್ಯಾಕಿಂಗ್. ಜವಳಿಗೆ ದೊಡ್ಡ ಗುಂಪು ಬರುವುದು ಆ ಎರಡು ದಿನವೇ. ಹೂ ಮುಡಿಯುವುದು ಬಿಡುವುದು ಅವಳ ಇಷ್ಟ ಎಂದು ಹಾಳೆಯಲ್ಲಿ ಸೇರಿಸಿದ್ದರು. ಅವಳು ಮುಡಿಯಲಿಲ್ಲ. “ನನಗೆ ಹೂ ಬೇಕು ಅಂತ ಇಲ್ಲ ಅಕ್ಕ. ಕೌಂಟರ್ ಬೇಕಿತ್ತು” ಎಂದಳು. ಖಾಲಿ ಕಾಲಂನಲ್ಲಿ ಅಕ್ಟೋಬರಿಗೆ 1,380 ಬಂತು.

ಇದು ಅರ್ಧ ಗೆಲುವು ಎಂದು ನಾನು ಅಂದುಕೊಂಡಿದ್ದೆ. ಅವಳು ಬೇರೆಯೇ ದಾರಿ ನೋಡಿದ್ದಳು. ನವೆಂಬರಿನಿಂದ ಆದಿತ್ಯವಾರಕ್ಕೆ ವಾರದ ರಜೆ ಕೇಳಿ ತೆಗೆದುಕೊಂಡಳು. ಪ್ಯಾಕಿಂಗಿಗೆ ಯಾರಾದರೂ ಆಗುತ್ತದೆ ಎಂದು ಧಣಿಗಳು ಕೊಟ್ಟರು. ಆ ದಿನಗಳಲ್ಲಿ ಅವಳು ಒಬ್ಬ ಬ್ಯೂಟೀಷಿಯನ್ ಜೊತೆ ಹಾಲ್‌ಗಳಿಗೆ ಹೋಗಿ ಮದುಮಗಳಿಗೆ ಧಾರೆ ಸೀರೆ ಉಡಿಸುತ್ತಾಳೆ. ಸೀರೆಗೆ ಇಷ್ಟು ಎಂದು ದುಡ್ಡು.

“ಅಲ್ಲಿ ಯಾರೂ ಕೇಳುವುದಿಲ್ವಾ?”

“ಬಾಗಿಲು ಹಾಕಿರ್ತದೆ ಅಕ್ಕ. ಮುಹೂರ್ತಕ್ಕೆ ಹೊತ್ತಾಗಿರ್ತದೆ. ಪಿನ್ ಚುಚ್ಚದ ಹಾಗೆ ಕೂತರೆ ಸಾಕು ಅವರಿಗೆ.”

ಏಪ್ರಿಲ್‌ನಲ್ಲಿ ಧಣಿಗಳು ಫೋನ್ ಮಾಡಿದರು. ಸೀಸನ್, ಆದಿತ್ಯವಾರ ಜನ ಸಾಲುತ್ತಿಲ್ಲ, ಹೊಸ ಹುಡುಗಿಯರಿಗೆ ಸೀರೆ ಬಿಚ್ಚಲು ಬರುವುದಿಲ್ಲ, ರಜೆ ಬದಲಿಸಿಕೊಳ್ಳಲು ಅವಳಿಗೆ ಸ್ವಲ್ಪ ಹೇಳಿ ಎಂದರು.

ಯಾವ ಕೌಂಟರಿಗೆ ಎಂದು ಕೇಳಿದೆ.

ನಾಳೆ ಹೇಳುತ್ತೇನೆ ಎಂದರು.